ರೋಹ್ನಾ ಹಡಗಿನ ಲೆಕ್ಕ 1,015ಕ್ಕೆ ಮುಗಿಯೋದಿಲ್ಲ

ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ ಅಂದ್ರೆ ನಮಗೆ ಸೇಲು, ಟೀವಿ, ಉಳಿದ ಊಟ. 1943ರಲ್ಲಿ ಅದೇ ದಿನ, ನವೆಂಬರ್ 26ರಂದು, ಅಲ್ಜೀರಿಯಾ ಕರಾವಳಿಯಾಚೆ ‘ರೋಹ್ನಾ’ ಎಂಬ ಹಡಗು ಮುಳುಗಿತು. ಅದರಲ್ಲಿ ಸುಮಾರು ಎರಡು ಸಾವಿರ ಅಮೆರಿಕನ್ ಸೈನಿಕರಿದ್ದರು, ಬಹಳಷ್ಟು ಜನ ಎಳೆಯ ಹುಡುಗರು. ಓರಾನ್ ಬಂದರಿನಲ್ಲಿ ಹಡಗು ಹತ್ತಿದ್ದರು. ಹೊರಟಿದ್ದು ಸೂಯೆಜ್ ದಾಟಿ ಇಂಡಿಯಾ ಕಡೆಗೆ. ಜರ್ಮನ್ ವಿಮಾನವೊಂದು ರೇಡಿಯೋ ಮೂಲಕ ನಡೆಸಿದ ಬಾಂಬು ಹಡಗಿನ ಪಕ್ಕೆ ಸೀಳಿತು. ಸೊಂಟಕ್ಕೆ ಕಟ್ಟಿಕೊಂಡಿದ್ದ ಗಾಳಿಪಟ್ಟಿಗಳೇ ಎಷ್ಟೋ ಹುಡುಗರನ್ನು ನೀರಿನಲ್ಲಿ ತಲೆಕೆಳಗು ಮಾಡಿದವು. 1,015 ಅಮೆರಿಕನ್ನರು ಸತ್ತರು. ಸರ್ಕಾರ ವಿವರಗಳನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು.

ಇಷ್ಟು ಹೇಳಿ ಎಲ್ಲರೂ ನಿಲ್ಲಿಸ್ತಾರೆ. ನನ್ನ ತಕರಾರು ಇರೋದು ಇಲ್ಲೇ.

ರೋಹ್ನಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗು. ಅದನ್ನು ನಡೆಸುತ್ತಿದ್ದವರು ಬಹುಪಾಲು ಭಾರತೀಯ ಖಲಾಸಿಗಳು, ಇಂಗ್ಲಿಷರ ಬಾಯಲ್ಲಿ ‘ಲಾಸ್ಕರ್’ಗಳು. ಕೆಲಸ ಬ್ರಿಟಿಷ್ ನಾವಿಕರದ್ದೇ, ಸಂಬಳ ಮಾತ್ರ ಅವರಿಗಿಂತ ತೀರಾ ಕಡಿಮೆ. ಸಿಬ್ಬಂದಿಯಲ್ಲೂ ನೂರಕ್ಕೂ ಹೆಚ್ಚು ಜನ ಸತ್ತರು. ಆದರೆ ಕಥೆಯಲ್ಲಿ ಅವರು ಬರೋದು ಒಂದೇ ಸಲ: ದೋಣಿಗಳಿಗೆ ಮೊದಲು ಹಾರಿದವರಾಗಿ.

ಬದುಕಿ ಬಂದವರು ಸುಳ್ಳು ಹೇಳಿದರು ಅಂತ ನಾನು ವಾದಿಸೋದಿಲ್ಲ. ಮುಳುಗೋ ಹಡಗಿನಲ್ಲಿ ಹೆದರಿಕೆಗೆ ಜಾತಿ, ದೇಶ ಇರೋದಿಲ್ಲ. ಆದರೆ ತುಕ್ಕು ಹಿಡಿದು ದೋಣಿಗಳು ಕೆಳಗಿಳಿಯಲಿಲ್ಲವಲ್ಲ, ಅದಕ್ಕೆ ಯಾರು ಹೊಣೆ? ಎಲ್ಲ ಸರಿಯಿದೆ ಅಂತ ಸಹಿ ಹಾಕೋ ಅಧಿಕಾರ ಖಲಾಸಿಗೆ ಇರಲಿಲ್ಲ. ಅಧಿಕಾರ ಒಬ್ಬರದು, ಅಪವಾದ ಇನ್ನೊಬ್ಬರದು. ಇದು ನ್ಯಾಯವಲ್ಲ.

‘ಅವರಲ್ಲಿ ಕನ್ನಡದವರು ಇದ್ರಾ?’ ಅಂತ ನೀವು ಕೇಳಬಹುದು. ಇದ್ದರೆ ಮಾತ್ರ ನಮ್ಮವರು ಅನ್ನೋದಾದರೆ, ನಮ್ಮ ನೆನಪಿಗೂ ವೀಸಾ ಬೇಕಾಯ್ತು! ‘ನಮ್ಮ ಜನ ಈ ದೇಶಕ್ಕೆ ಬಂದಿದ್ದೇ 1965ರ ಕಾನೂನಿನ ಮೇಲೆ, ಹಳೇ ಯುದ್ಧ ನಮಗ್ಯಾಕೆ’ ಅನ್ನೋ ಮಾತೂ ಅಷ್ಟೇ ಪೊಳ್ಳು. ಈ ದೇಶದ ಹುಡುಗರನ್ನು ಹೊತ್ತ ಹಡಗಿನ ಬಾಯ್ಲರಿಗೆ ಬೆಂಕಿ ಹಾಕ್ತಾ ಇದ್ದವರು ನಮ್ಮ ನಾಡಿನವರು.

ಸತ್ತ ಸೈನಿಕರ ಮನೆಯವರು, ಬದುಕುಳಿದವರು ಸುಮ್ಮನೆ ಕೂರಲಿಲ್ಲ. ಅಲಬಾಮಾದ ಫೋರ್ಟ್ ಮಿಚೆಲ್‌ನಲ್ಲಿ ಸ್ಮಾರಕ ಎದ್ದಿತು. 2000ದಲ್ಲಿ ಅಮೆರಿಕದ ಕಾಂಗ್ರೆಸ್ ಅವರನ್ನು ಸ್ಮರಿಸಿತು. ಖಲಾಸಿಗಳ ಪರವಾಗಿ ಕೇಳೋರು ಯಾರು? ಆ ಯುದ್ಧದಲ್ಲಿ ಸಮುದ್ರದ ಪಾಲಾದ ಸುಮಾರು ಆರು ಸಾವಿರ ಭಾರತೀಯ ವ್ಯಾಪಾರಿ ನಾವಿಕರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗ್‌ನ ಸ್ಮರಣ ಪುಸ್ತಕಗಳಲ್ಲಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಹೆಸರು ಕಳೆದುಹೋಗಿಲ್ಲ, ನಾವು ತೆರೆದು ನೋಡಿಲ್ಲ ಅಷ್ಟೇ.

ಈ ನವೆಂಬರಿನಲ್ಲಿ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ತೆರೆಯಿರಿ. ರೋಹ್ನಾ ಅಂತ ಹುಡುಕಿ. 1,015 ಅಂತ ಹೇಳಿದ ಮೇಲೆ ನಿಲ್ಲಿಸಬೇಡಿ, ಮುಂದಿನ ಹೆಸರನ್ನೂ ಜೋರಾಗಿ ಓದಿ.