ಮಳಿ ಬಂತು ಖರೆ, ಬಿತ್ತಬೇಕಾ?

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ವಾಡಿಕೆಯ ದಿನ ಜೂನ್ 1. ಮುಂದೆ ಎರಡೇ ದಿನದಾಗ ಮುಂಬೈ ಮುಟ್ಟಿತು. ಯಾದಗಿರಿ, ಶಹಾಪುರ, ಸುರಪುರ ಕಡೆ ಮಿರಗಕ್ಕ ಬಿತ್ತೋಣ ಅಂದುಕೊಂಡವರ ಮುಂದೆ ರೋಹಿಣಿಯಲ್ಲೇ ಪ್ರಶ್ನೆ ನಿಂತಿತು: ಈಗಲೇ ಬಿತ್ತಬೇಕಾ, ಕಾಯಬೇಕಾ?

ನನ್ನ ಅಭಿಪ್ರಾಯ ಇಷ್ಟೇ. ಮುಂಗಾರು ಬಂದ ತಾರೀಖು ನೋಡಿ ಬಿತ್ತಬಾರದು, ನೆಲದ ಹದ ನೋಡಿ ಬಿತ್ತಬೇಕು.

ಲಗೂ ಬಂದ ಮಳಿ ಛಲೋ ವರ್ಷದ ಗುರುತಲ್ಲ. 2009ರಲ್ಲೂ ಮುಂಗಾರು ಮೇ 23ಕ್ಕೇ ಬಂದಿತ್ತು. ಆದರೆ ಆ ಜೂನ್‌ನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಅರ್ಧದಷ್ಟು ಮಳೆ. ಇಡೀ ಹಂಗಾಮಿನ ಕೊರತೆ ಶೇ. 22ರಷ್ಟು. 2025ರಲ್ಲೂ ಮೇ ಕೊನೆಯಿಂದ ಜೂನ್ ನಡುವಿನತನಕ ಮುಂಗಾರು ಮುಂದಕ್ಕೆ ಸರಿಯಲೇ ಇಲ್ಲ.

ನಮ್ಮ ಎರಿ ಭೂಮಿಯ ಗುಣವನ್ನೂ ನೋಡ್ರಿ. ಬ್ಯಾಸಗಿಯಲ್ಲಿ ಬಿರುಕು ಬಿಟ್ಟ ನೆಲಕ್ಕೆ ಒಂದೆರಡು ಮಳಿ ಏನೂ ಸಾಲದು. ಮ್ಯಾಲ ಹಸಿ ಕಾಣ್ತದ, ಕೆಳಗ ಒಣ ಮಣ್ಣು ಹಂಗೇ ಇರ್ತದ. ಬೀಜ ಮೊಳಕೆ ಒಡೆದು ಬೇರು ಇಳಿಸೋ ಹೊತ್ತಿಗೆ ಎರಡು ವಾರ ಮಳಿ ಹೋದರೆ ಸಸಿ ಒಣಗ್ತದ. ಹತ್ತಿ ಬೀಜದ ಪಾಕೀಟಿಗೆ 2025ರಲ್ಲಿ ಸರ್ಕಾರ ನಿಗದಿ ಮಾಡಿದ ಗರಿಷ್ಠ ಬೆಲೆ 901 ರೂಪಾಯಿ. ಎರಡನೇ ಸಲ ಬಿತ್ತಬೇಕಾದರೆ ಆ ರೊಕ್ಕ ಮತ್ತೆ ಹೊಂದಿಸಬೇಕು, ಗಳೆ ಹೊಡೆದ ಬಾಡಿಗೆ ಬ್ಯಾರೆ.

'ರೋಹಿಣಿ ಮಳಿಯಾದ್ರ ಓಣಿ ತುಂಬ ಜೋಳ' ಅನ್ನೋ ಗಾದೆ ಸುಳ್ಳಲ್ಲ. ಆದರೆ ಅದು ಮನಿಯಾಗ ಇಟ್ಟ ಬೀಜ ಬಿತ್ತೋ ಕಾಲದ ಮಾತು. ಆಗ ಬೀಜ ಕೆಟ್ಟರೆ ಅಂಗಡಿಗೆ ಸಾಲ ಆಗ್ತಿರಲಿಲ್ಲ.

ಹಾಗಂತ ಸುಮ್ಮನೆ ಕಾಯೋದೂ ಪುಕ್ಕಟೆ ಅಲ್ಲ. ಹೆಸರು ಎರಡು, ಎರಡೂವರೆ ತಿಂಗಳ ಬೆಳೆ. ಹದ ಸಿಕ್ಕಾಗ ಬಿತ್ತಿದರೆ ಅದೇ ಹೊಲ ಹಿಂಗಾರಿ ಜೋಳಕ್ಕೆ ಖಾಲಿ ಆಗ್ತದ. ಅದಕ್ಕೇ ಎಲ್ಲ ಬೀಜ ಒಂದೇ ದಿನ ನೆಲಕ್ಕೆ ಹಾಕಬಾರದು. ಹಸಿ ಆಳಕ್ಕೆ ಇಳಿದ ಹೊಲದಲ್ಲಿ ಮೊದಲು ಹೆಸರು, ತುಟ್ಟಿ ಬೀಜದ ಹತ್ತಿ ಆಮೇಲೆ. ಶಹಾಪುರ, ಸುರಪುರದ ಕಾಲುವೆ ಕೆಳಗಿನವರಿಗೆ ನಾರಾಯಣಪುರದ ನೀರಿನ ಆಸರೆ ಅದ. ಆದರೂ ನೀರು ಯಾವಾಗ ಬಿಡೂದು ಅಂತ ನೀರಾವರಿ ಸಲಹಾ ಸಮಿತಿ ಹೇಳೋತನಕ ಅವರೂ ಕಾಯಬೇಕು. ಮಳಿ ನಂಬಿದ ಒಣ ಬೇಸಾಯದವರಿಗೆ ಆ ಆಸರೆಯೂ ಇಲ್ಲ.

ಇಲ್ಲಿ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಕೆಲಸ ಅದ. ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ 'ಬೆಳೆ ಶಿಫಾರಸು ಆ್ಯಪ್' ಅಂತ ಹೊರಡ್ತೀವಿ. ಇಲ್ಲಿ ಯಾವ ಬೆಳೆ ಬರ್ತದ ಅಂತ ರೈತನಿಗೆ ಮೊದಲೇ ಗೊತ್ತು. ಅವನಿಗೆ ಬೇಕಾದ್ದು ಎರಡೇ ಮಾತು: ಹಸಿ ಎಷ್ಟು ಆಳ ಇಳಿದದ, ಮುಂದಿನ ಹತ್ತು ದಿನ ಮಳಿ ಬಿಡುವು ಕೊಡ್ತದೋ ಇಲ್ಲೋ. ಊರಿಗೆ ಎರಡು ಹೊಲದಲ್ಲಿ ಸೋವಿ ತೇವಾಂಶ ಸೆನ್ಸಾರ್ ಹೂಳಿ, ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ, ಆ ಲೆಕ್ಕವನ್ನು ದಿನಾ ಪಂಚಾಯ್ತಿ ಬೋರ್ಡಿನ ಮ್ಯಾಲ ಕನ್ನಡದಾಗ ಬರೆಸಿದರೆ ಸಾಕು. ಮುಂದಿನ ಮೇ ತಿಂಗಳ ಮಳಿಗಿಂತ ಮೊದಲೇ ಇದನ್ನು ಶುರು ಮಾಡಬಹುದು.