ಮಡಿಲಿಗೆ ಬರುವ ಮೊದಲೇ ಮದ್ದಿಗೆ ಬಗ್ಗದ ರೋಗಾಣು

2015ರಲ್ಲಿ ಬೆಂಗಳೂರಿನ ವರ್ತೂರು ಕೆರೆ ಕೋಡಿಯ ನೊರೆ ರಸ್ತೆಗೆ ಹಾರಿದಾಗ ದೇಶವೇ ನೋಡಿತು. ಬೆಳ್ಳಂದೂರಿನಿಂದ ಕೆರೆಗೆ ಹರಿದುಬಂದ ಕೊಳಚೆಯಲ್ಲಿ ಕಣ್ಣಿಗೆ ಕಾಣದ್ದೂ ಇರುತ್ತದೆ: ನಾವು ನುಂಗಿದ ಆ್ಯಂಟಿಬಯೋಟಿಕ್‌ಗಳ ಶೇಷ, ಅವುಗಳಿಗೆ ಜಗ್ಗದ ಬ್ಯಾಕ್ಟೀರಿಯಾ.

ಆದರೆ ಕೆರೆಯನ್ನಷ್ಟೇ ದೂರಿದರೆ ಸಾಲದು. ಇಂಥ ರೋಗಾಣು ಗರ್ಭಿಣಿಯ ಕರುಳಲ್ಲಿ ಸದ್ದಿಲ್ಲದೆ ನೆಲೆಸಬಹುದು. ಹೆರಿಗೆಯಲ್ಲಿ ಮಗುವಿಗೆ ದಾಟಬಹುದು. ಆಸ್ಪತ್ರೆಯಲ್ಲಿ ಸರಿಯಾಗಿ ತೊಳೆಯದ ಕೈಯೂ ಅದನ್ನು ಹೊತ್ತು ತರುತ್ತದೆ. ದೆಹಲಿಯ ಮೂರು ಆಸ್ಪತ್ರೆಗಳ ಶಿಶುಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಂಜಿಗೆ ಕಾರಣವಾದ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಲ್ಲಿ ಶೇ 82ರಷ್ಟು ಹಲವು ಔಷಧಗಳಿಗೆ ಬಗ್ಗಿರಲಿಲ್ಲ. ಎರಡು ಕೆ.ಜಿ.ಯ ಕೂಸಿಗೆ ಇನ್ಯಾವ ಮದ್ದು ಕೊಡುವುದು?

ಹಲವು ಆ್ಯಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ ತಡೆಯುವ ಎಚ್‌1 ನಿಯಮ 2014ರಿಂದಲೇ ಜಾರಿಯಲ್ಲಿದೆ. ಪಾಲನೆ ಮಾತ್ರ ದೇವರಿಗೇ ಪ್ರೀತಿ. ಉರಿಮೂತ್ರ ಎಂದರೆ ಸಾಕು, ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುವ ಅಂಗಡಿಗಳಿಗೆ ಬರವಿಲ್ಲ. ಹಾಗೆಂದು ಗರ್ಭಿಣಿಯರು ವೈದ್ಯರು ಬರೆದ ಮಾತ್ರೆ ಬಿಡಬಾರದು. ಮೂತ್ರದ ಸೋಂಕು ಉಳಿದರೆ ಅವಧಿಪೂರ್ವ ಹೆರಿಗೆಯ ಅಪಾಯವಿದೆ. ರೋಗಾಣು ಯಾವ ಮದ್ದಿಗೆ ಬಗ್ಗುತ್ತದೆಂದು ತಿಳಿಸುವ ಮೂತ್ರದ ಕಲ್ಚರ್ ವರದಿಗೆ ಎರಡು-ಮೂರು ದಿನ ಸಾಕು. ಆ ಪರೀಕ್ಷೆ ವರ್ತೂರಿನಂಥ ಹೊರವಲಯದ ಕೂಲಿ ಹೆಣ್ಣುಮಕ್ಕಳಿಗೂ ಉಚಿತವಾಗಿ ಸಿಗುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ.