ತಪಸ್ಸುಕಾಲ 3/5: ಪ್ರೆಟ್ಜೆಲ್ ಮೇಲೆ ಚಾಕೊಲೇಟ್ ಯಾಕೆ?

ಶನಿವಾರ ಜ್ಞಾನೋಪದೇಶದ ಮಕ್ಕಳ ಜೊತೆ ಪ್ರೆಟ್ಜೆಲ್ ಮಾಡಿದ್ವಿ. ಎದೆ ಮೇಲೆ ಕೈ ಕಟ್ಟಿ ಪ್ರಾರ್ಥಿಸೋ ಆಕಾರ ಅಂತಾರೆ. ಮಧ್ಯಯುಗದ ಯುರೋಪಿನಲ್ಲಿ ಈಸ್ಟರ್‌ಗೆ ಮುಂಚಿನ ಈ 40 ದಿನ ಮಾಂಸವಷ್ಟೇ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆಯೂ ನಿಷಿದ್ಧ. ಹಿಟ್ಟು, ನೀರು, ಉಪ್ಪಿನ ತಿಂಡಿಗೆ ಅಡ್ಡಿಯಿರಲಿಲ್ಲ.

ನಾವು? ಬೆಣ್ಣೆ ಸವರಿ, ಚಾಕೊಲೇಟ್ ಸುರಿದು ರೀಲ್ ಮಾಡಿದ್ವಿ. ಒಬ್ಬ ಪುಟ್ಟ ಕೇಳೇಬಿಟ್ಟ: "ಅಕ್ಕಾ, ಹಾಗಾದ್ರೆ ನಾವು ಬಿಟ್ಟಿದ್ದೇನು?"

ನನ್ನ ಹತ್ರ ಉತ್ತರ ಇರಲಿಲ್ಲ.

ಮಕ್ಕಳ ಜೊತೆ ಅಡುಗೆ ಬೇಡ ಅಂತಲ್ಲ. ಕೈಗೆ ಹಿಟ್ಟು ಅಂಟಿದ್ರೇನೇ ಕಥೆ ನೆನಪಿರೋದು. ಆದ್ರೆ ಆಕಾರ ಉಳಿಸ್ಕೊಂಡು ಉಪವಾಸ ಬಿಟ್ರೆ ಅದು ಬರೀ ಬೇಕರಿ ಐಟಂ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ನಾವು ಬಿಟ್ಟಿದ್ದು ಹಸಿದವರ ಖಾತೆಗೆ ಜಮಾ ಆಗ್ಬೇಕು.

ಈ ಶನಿವಾರ ಬರೀ ಉಪ್ಪು. ಚಾಕೊಲೇಟಿನ ದುಡ್ಡು, ಮಕ್ಕಳ ಕೈಯಿಂದಲೇ, ಬಡವರ ಡಬ್ಬಿಗೆ. ರೀಲ್ ಇಲ್ಲ.